ಮೂವತ್ತೈದು ಸಲ ತೂಗಿದ ಭತ್ತ

ದುಡಿದವನಿಗೆ ಬೋನಸ್ ಕೊಡುವ ವಿಷಯದಲ್ಲಿ ನಮ್ಮ ದೇಶದ್ದು ಮೊದಲಿನಿಂದಲೂ ಬಿಗಿ ಮುಷ್ಟಿ. ವರ್ಷವಿಡೀ ಮೈಮುರಿದು ದುಡಿದವನಿಗೆ ಕನಿಷ್ಠ ಶೇ 8.33 ಎಂದು ಬೋನಸ್ ಪಾವತಿ ಕಾಯ್ದೆ ಬರೆದಿಟ್ಟಿತು; ದಶಾಂಶದ ಆಚೆಗಿನ ಆ 33ನ್ನು ಕೈಗೆ ಹಾಕಿಸಿಕೊಳ್ಳುವಷ್ಟರಲ್ಲಿ ಎಷ್ಟೋ ಮಂದಿಯ ಚಪ್ಪಲಿ ಸವೆದಿದೆ. ಹೀಗಿರುವಾಗ, ಏನನ್ನೂ ದುಡಿಯದೆ ಸಿಂಧನೂರಿನ ಚಹಾದಂಗಡಿಯ ಬೆಂಚಿನ ಮೇಲೆ ಕಾಲು ಚಾಚಿ ಕುಳಿತ ಹುಡುಗನಿಗೆ, ಕೆರಿಬಿಯನ್ ಸಮುದ್ರದ ಕ್ಯುರಸಾವೊ ಎಂಬ ದ್ವೀಪದ ಪರವಾನಗಿ ಹಿಡಿದ ಆನ್‌ಲೈನ್ ಕ್ಯಾಸಿನೋ ಕಂಪನಿಯೊಂದು ಶೇ 100ರ ಬೋನಸ್ ಕೊಡುತ್ತಿದೆಯೆಂದರೆ, ಆ ದ್ವೀಪದವರ ಉದಾರತೆಗೆ ನಾವು ತಲೆಬಾಗಲೇಬೇಕು. ನಾನಂತೂ ಬಾಗಿದೆ. ಬಾಗಿದ್ದರಿಂದಲೇ ಅವನ ಮೊಬೈಲ್ ಪರದೆಯ ಕೆಳತುದಿಯಲ್ಲಿದ್ದ ಸಣ್ಣಕ್ಷರಗಳು ಕಣ್ಣಿಗೆ ಬಿದ್ದವು.

ಆ ಹುಡುಗ ಬೇರೆ ಯಾರೂ ಅಲ್ಲ, ನನ್ನ ಅಕ್ಕನ ಮಗ. ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾನೆಂದು ಮನೆಯವರೆಲ್ಲ ನಂಬಿದ್ದಾರೆ. ಓದುತ್ತಿರುವುದು ನಿಜ, ಪಠ್ಯ ಮಾತ್ರ ಬೇರೆ. “ಮಾಮಾ, ನಾವು ಸಾವಿರ ಹಾಕಿದ್ರ ಅವರು ಸಾವಿರ ಹಾಕ್ತಾರ. ಪುಕ್ಕಟ. ಬ್ಯಾಂಕಿನವರು ಕೊಡ್ತಾರೇನು ಹಿಂಗ?” ಎಂದು ಅವನು ನನ್ನನ್ನು ಕೇಳಿದ. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತನಾದವನಿಗೆ, ವಿದ್ಯಾರ್ಥಿಯೊಬ್ಬ ತಾನಾಗಿಯೇ ಶೇಕಡಾವಾರು ಲೆಕ್ಕದ ಬಗ್ಗೆ ಪ್ರಶ್ನೆ ಕೇಳಿದ ಪ್ರಸಂಗ ಇದೇ ಮೊದಲು. ಕನ್ನಡಕ ಒರೆಸಿಕೊಂಡು ಕುಳಿತೆ.

ಅವನು ಸಾವಿರ ರೂಪಾಯಿ ಹಾಕಿದ ಕೂಡಲೇ ಪರದೆಯ ಮೇಲೆ ಎರಡು ಸಾವಿರ ಮೂಡಿತು. ಮೂಡಿತು ಎಂಬ ಕ್ರಿಯಾಪದವನ್ನು ನಾನು ಯೋಚಿಸಿಯೇ ಬಳಸುತ್ತಿದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆಯ 69ನೇ ಮೈಲಿನಲ್ಲಿ ಗೇಜ್ ಇಷ್ಟು ಅಡಿ ಇದೆಯೆಂದು ಅಧಿಕಾರಿಗಳು ಸಭೆಯಲ್ಲಿ ಓದುವಾಗ ನೀರು ಮೂಡುತ್ತದಲ್ಲ, ಹಾಗೆ. ಕಾಗದದಲ್ಲಿ ಅದು ಹರಿಯುತ್ತಿರುತ್ತದೆ, ಕೊನೆಭಾಗದ ರೈತ ಮಾತ್ರ ಒಣ ತೂಬಿನ ಮುಂದೆ ಕುಳಿತಿರುತ್ತಾನೆ. ಕ್ಯಾಸಿನೋದ ಪರದೆಯಲ್ಲಿಯೂ ಕಾಣುವ ಹಣ ಬೇರೆ, ತೆಗೆಯಲು ಬರುವ ಹಣ ಬೇರೆ. ಎರಡರ ನಡುವೆ ಇರುವ ಗೇಟಿಗೆ ಅವರು ‘ವೇಜರಿಂಗ್’ ಎನ್ನುತ್ತಾರೆ. ಕೆಲವು ಬೋನಸ್‌ಗಳಂತೂ ಆ ಗೇಟು ದಾಟಿದ ಮೇಲೂ ಕೈಗೆ ಬರುವುದಿಲ್ಲ. ಆಡಲು ಮಾತ್ರ ಕೊಟ್ಟದ್ದು, ಹಣ ತೆಗೆಯುವ ಹೊತ್ತಿಗೆ ಮರಳಿ ಕಳಚಿಕೊಳ್ಳುತ್ತಾರೆ. ಮದುವೆ ಮನೆಯಲ್ಲಿ ವರನ ಕೊರಳಿಗೆ ಹಾಕಿ, ಮಂಟಪ ಇಳಿದ ಮೇಲೆ ಬಿಚ್ಚಿಕೊಳ್ಳುವ ಎರವಲು ಸರದಂತೆ.

ಸಣ್ಣಕ್ಷರದ ಪ್ರಕಾರ ಹಣ ತೆಗೆಯುವ ಮೊದಲು ಅವನು ಬೋನಸ್‌ನ 35 ಪಟ್ಟು ಮೊತ್ತದ ಬಾಜಿ ಕಟ್ಟಬೇಕಿತ್ತು. ಸಾವಿರದ 35 ಪಟ್ಟು, ಅಂದರೆ 35,000 ರೂಪಾಯಿ. ಕೆಲವು ಕಡೆ ಈ ಗುಣಾಕಾರವನ್ನು ಬೋನಸ್ ಮತ್ತು ನಮ್ಮ ಸ್ವಂತ ಹಣ ಎರಡಕ್ಕೂ ಸೇರಿಸಿ ಮಾಡುತ್ತಾರೆ, ಆಗ ಅದೇ 70,000 ಆಗುತ್ತದೆ. “ಅಷ್ಟು ರೊಕ್ಕ ಹಾಕಬೇಕಿಲ್ಲ ಮಾಮಾ, ಅದೇ ಎರಡು ಸಾವಿರ ತಿರುಗಿಸಿ ತಿರುಗಿಸಿ ಆಡೋದು” ಎಂದು ಅಳಿಯ ನನ್ನ ಅಜ್ಞಾನವನ್ನು ತಿದ್ದಿದ. ಸರಿಯಾಗಿಯೇ ತಿದ್ದಿದ. ಮೋಸವಿರುವುದು 35,000 ಎಂಬ ಸಂಖ್ಯೆಯಲ್ಲಿ ಅಲ್ಲ, ತಿರುಗಿಸುವುದರಲ್ಲಿ.

ಇದನ್ನು ಸಿಂಧನೂರಿನವರಿಗೆ ಭತ್ತದ ಭಾಷೆಯಲ್ಲಿ ಹೇಳುವುದೇ ಸಲೀಸು. ರೈತನೊಬ್ಬ 75 ಕೆ.ಜಿ.ಯ ಒಂದು ಚೀಲ ಸೋನಾ ಮಸೂರಿ ತಂದಿದ್ದಾನೆ ಎಂದುಕೊಳ್ಳಿ. ಮಿಲ್ಲಿನವನು ಓಡಿಬಂದು ಹಾರ ಹಾಕಿ, “ನಿಮ್ಮದೊಂದು ಚೀಲಕ್ಕೆ ನನ್ನದೊಂದು ಚೀಲ ಪುಕ್ಕಟೆ” ಎನ್ನುತ್ತಾನೆ. ಷರತ್ತು ಒಂದೇ: ಮನೆಗೆ ಒಯ್ಯುವ ಮೊದಲು ಈ ಭತ್ತವನ್ನು ನನ್ನ ತಕ್ಕಡಿಯ ಮೇಲೆ ಒಟ್ಟು 35 ಚೀಲದಷ್ಟು ತೂಗಬೇಕು, ಮತ್ತು ಪ್ರತಿ ತೂಕಕ್ಕೆ ನೂರಕ್ಕೆ ನಾಲ್ಕರಷ್ಟು ಸೂಟು, ಅಂದರೆ ತೂಕದ ಕಡಿತ, ನನಗೆ. ಕ್ಯಾಸಿನೋದಲ್ಲಿ ಗುಂಡಿ ಒತ್ತಿ ಚಿತ್ರಗಳನ್ನು ತಿರುಗಿಸುವ ಸ್ಲಾಟ್ ಯಂತ್ರದ ಆಟಗಳು ಆಡಿದ ನೂರು ರೂಪಾಯಿಗೆ ಸರಾಸರಿ 96ರ ಆಸುಪಾಸು ಹಿಂದಿರುಗಿಸುವಂತೆ ಹೊಂದಿಸಲ್ಪಟ್ಟಿರುತ್ತವೆ. ಉಳಿದ ನಾಲ್ಕೇ ಆ ಸೂಟು. ಒಂದು ಚೀಲದ ತೂಕಕ್ಕೆ 3 ಕೆ.ಜಿ. ಹೋದರೆ 35 ಚೀಲಕ್ಕೆ 105 ಕೆ.ಜಿ. ಎರಡೂ ಚೀಲ ಸೇರಿ ಇದ್ದದ್ದೇ 150. ಒಂದು ಚೀಲ ತಂದು, ಒಂದು ಚೀಲ ಉಡುಗೊರೆ ಪಡೆದ ರೈತ 45 ಕೆ.ಜಿ. ಹೊತ್ತು, ಕೊರಳಲ್ಲಿ ಹಾರ ಹಾಕಿಕೊಂಡು ಮನೆಗೆ ಹೋಗುತ್ತಾನೆ. ಅದೂ ಸರಾಸರಿ ಲೆಕ್ಕ. ನಿಜದಲ್ಲಿ ಬಹಳಷ್ಟು ಮಂದಿಯ ಚೀಲ ತೂಕ ಮುಗಿಯುವ ಮೊದಲೇ ಬರಿದಾಗಿರುತ್ತದೆ, ಎಲ್ಲೋ ಒಬ್ಬನ ಚೀಲ ಮಾತ್ರ ಉಬ್ಬಿರುತ್ತದೆ. ಜಾಹೀರಾತಿನಲ್ಲಿ ಹಲ್ಲು ಕಿರಿಯುವವನು ಆ ಒಬ್ಬ.

ಬ್ರಿಟನ್ನಿನ ಜೂಜು ಆಯೋಗವು ಇಂಥ ಬಾಜಿಯ ಷರತ್ತನ್ನು 10 ಪಟ್ಟಿಗೆ ಮಿತಿಗೊಳಿಸುವುದಾಗಿ 2025ರಲ್ಲಿ ಪ್ರಕಟಿಸಿತು. ಹತ್ತು ತೂಕಕ್ಕೆ ಸೂಟು ಬರೀ 30 ಕೆ.ಜಿ.; ಆ ದೇಶದ ಮಿಲ್ಲುಗಳು ಬದುಕುವುದು ಹೇಗೆ ಎಂಬುದು ನಿಜಕ್ಕೂ ಚಿಂತೆಯ ವಿಷಯ.

ಸ್ಲಾಟ್ ಬೇಡ, ಲೆಕ್ಕಾಚಾರವಿರುವ ರೂಲೆಟ್ ಆಡುತ್ತೇನೆ ಎಂದು ಅಳಿಯ ಜಾಣತನ ತೋರಿದ. ಯುರೋಪಿನ ರೂಲೆಟ್ ಚಕ್ರದಲ್ಲಿ ಸೊನ್ನೆಯೂ ಸೇರಿ 37 ಮನೆಗಳು, ಒಂದು ಅಂಕಿಗೆ ಗೆದ್ದರೆ ಸಿಗುವುದು ಹಾಕಿದ್ದರ 35 ಪಟ್ಟು. ಕ್ಯಾಸಿನೋದವರ ಪಾಲು ಶೇ 2.7 ಮಾತ್ರ. ಆದರೆ ಅವನಿಗಿಂತ ಜಾಣರು ಅದನ್ನು ಮೊದಲೇ ಯೋಚಿಸಿಟ್ಟಿದ್ದರು. ಸ್ಲಾಟ್‌ನಲ್ಲಿ ಆಡಿದ ನೂರು ರೂಪಾಯಿ ನೂರೆಂದೇ ಲೆಕ್ಕಕ್ಕೆ ಬಂದರೆ, ರೂಲೆಟ್‌ನಲ್ಲಿ ಆಡಿದ ನೂರು ಹತ್ತೆಂದು ಬರುತ್ತದೆ ಎಂಬ ಸಾಲು ಅಲ್ಲೇ ಕೆಳಗಿತ್ತು. ಅಂದರೆ 35,000 ಪೂರೈಸಲು ಮೂರೂವರೆ ಲಕ್ಷ ರೂಪಾಯಿಯ ಬಾಜಿ. ಸರಾಸರಿ ನಷ್ಟ 9,459 ರೂಪಾಯಿ. ಸಾವಿರದ ಬೋನಸ್ ಗೆಲ್ಲಲು ಒಂಬತ್ತು ಸಾವಿರ ಚಿಲ್ಲರೆ ಖರ್ಚು ಎಂಬ ಈ ಲೆಕ್ಕವನ್ನು ನಾನು ಏಳನೆಯ ಇಯತ್ತೆಯ ಮಕ್ಕಳಿಗೆ ಕೊಟ್ಟಿದ್ದರೆ, ಪ್ರಶ್ನೆಯೇ ತಪ್ಪಾಗಿದೆ ಎಂದು ಅವರು ಎದ್ದು ನಿಲ್ಲುತ್ತಿದ್ದರು.

ಗಡುವು ಏಳು ದಿನ. ಸ್ಪಿನ್ನಿಗೆ ಇಪ್ಪತ್ತು ರೂಪಾಯಿಯಂತೆ ದಿನಕ್ಕೆ 250 ಸಲ, ಒಟ್ಟು 1,750 ಸಲ ಅವನ ಹೆಬ್ಬೆರಳು ಆ ಹಸಿರು ಗುಂಡಿಯನ್ನು ಒತ್ತಬೇಕು. ಅವಸರಕ್ಕೆ ಬಿದ್ದು ಮಿತಿ ಮೀರಿದ ದೊಡ್ಡ ಬಾಜಿ ಒಂದೇ ಒಂದು ಕಟ್ಟಿದರೂ ಬೋನಸ್ ಮತ್ತು ಗೆಲುವು ಎರಡೂ ಜಪ್ತಿ. ಮೂರನೆಯ ದಿನ ಅವನ ಪರದೆಯಲ್ಲಿ 4,300 ರೂಪಾಯಿ ಮೂಡಿದ್ದನ್ನು ನಾನೇ ನೋಡಿದ್ದೇನೆ. ತೆಗೆಯಲು ಹೋದ. ಇನ್ನೂ ಹನ್ನೊಂದು ಸಾವಿರದ ಬಾಜಿ ಬಾಕಿಯಿದೆಯೆಂದೂ, ಜೊತೆಗೆ ಆಧಾರ್, ಪ್ಯಾನ್, ಮುಖದ ಫೋಟೊ ಮತ್ತು ವಾಸದ ದಾಖಲೆಗೆ ಕರೆಂಟ್ ಬಿಲ್ಲು ಬೇಕೆಂದೂ ಉತ್ತರ ಬಂತು. ಹಣ ಹಾಕುವಾಗ ನೀನು ಯಾರು ಎಂದು ಕೇಳದಿದ್ದವರಿಗೆ ತೆಗೆಯುವಾಗ ಅವನ ವಂಶಾವಳಿಯಲ್ಲಿ ಆಸಕ್ತಿ ಹುಟ್ಟಿತ್ತು. ಜೆಸ್ಕಾಂ ಬಿಲ್ಲು ಇರುವುದು ನಮ್ಮ ಭಾವನ ಹೆಸರಿನಲ್ಲಿ. ಅದನ್ನು ಕೇಳಿ ತರುವ ಧೈರ್ಯ ಬಾರದೆ ಅಳಿಯ ಆಟ ಮುಂದುವರಿಸಿದ. ರಾತ್ರಿಯೊಳಗೆ ದಾಖಲೆಯ ಅಗತ್ಯವೇ ಉಳಿಯಲಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನಮ್ಮೂರಿನ ಮಟ್ಕಾದವನ ಬಗ್ಗೆ ನನಗೆ ಮರುಕ ಉಕ್ಕುತ್ತಿದೆ. ಒಂದು ರೂಪಾಯಿಗೆ 80 ರೂಪಾಯಿ ಎಂದು ಕೂಗಿ, ನೂರು ಜೋಡಿ ಅಂಕಿಗಳಲ್ಲಿ ಇಪ್ಪತ್ತನ್ನು ತನಗಿಟ್ಟುಕೊಳ್ಳುವ ಅವನನ್ನು ಪೊಲೀಸರು ಬಸ್ ನಿಲ್ದಾಣದ ಹಿಂದೆ ಹಿಡಿದು, ಮಟ್ಕಾ ಚೀಟಿ, ಒಂದು ಬಾಲ್ ಪೆನ್ನು ಮತ್ತು 640 ರೂಪಾಯಿ ನಗದು ಜಪ್ತಿ ಮಾಡಿದರೆಂದು ಪತ್ರಿಕೆಯಲ್ಲಿ ಬರುತ್ತದೆ. ನೂರಕ್ಕೆ ಇಪ್ಪತ್ತು ತೆಗೆದುಕೊಳ್ಳುವವನು ಕಳ್ಳ, ನಾಲ್ಕು ತೆಗೆದುಕೊಳ್ಳುವವನು ಧರ್ಮರಾಯ ಎಂದು ಅಳಿಯನ ವಾದ. ಆದರೆ ಮಟ್ಕಾದವನು ಇಪ್ಪತ್ತು ತೆಗೆದುಕೊಳ್ಳುವುದು ಒಂದೇ ಸಲ. ಗೆದ್ದವನಿಗೆ, ಈ 80ನ್ನು ಇನ್ನೂ 35 ಸಲ ನನ್ನಲ್ಲೇ ಬರೆಸಿದ ಮೇಲೆ ಕರೆಂಟ್ ಬಿಲ್ಲು ತೋರಿಸಿ ಒಯ್ಯಿ ಎಂದು ಅವನು ಹೇಳಿದ ಉದಾಹರಣೆ ರಾಯಚೂರು ಜಿಲ್ಲೆಯಲ್ಲಿ ಇಲ್ಲ. ಹೇಳಿದ್ದರೆ ಪೊಲೀಸರಿಗೆ ಕೆಲಸವೇ ಇರುತ್ತಿರಲಿಲ್ಲ.

ಸರ್ಕಾರ ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಪ್ರಕಾರ ಹಣದ ಆಟ ನಡೆಸುವವನಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿಯವರೆಗೆ ದಂಡ. ಜಾಹೀರಾತು ಮಾಡುವವನಿಗೆ ಎರಡು ವರ್ಷ ಮತ್ತು 50 ಲಕ್ಷ. ಆಡಿದವನಿಗೆ ಶಿಕ್ಷೆಯಿಲ್ಲ, ಅವನದು ಆಗಲೇ ಆಗಿದೆಯೆಂಬ ದಯೆ ಇರಬೇಕು. ಈ ಕಾಯ್ದೆಯ ಹೆಸರಿನಲ್ಲಿ ‘ಉತ್ತೇಜನ’ ಎಂಬ ಪದ ‘ನಿಯಂತ್ರಣ’ಕ್ಕಿಂತ ಮೊದಲು ಬರುತ್ತದೆ. ಕ್ಯುರಸಾವೊದ ಪರವಾನಗಿ ಹಿಡಿದವರಿಗೆ ಬಹುಶಃ ಮೊದಲ ಪದದವರೆಗೆ ಮಾತ್ರ ಓದಲು ಬಿಡುವಾಗಿರಬೇಕು.

ಮೊನ್ನೆ ಎಪಿಎಂಸಿಯಲ್ಲಿ ದಲಾಲಿ ಅಂಗಡಿ ಇಟ್ಟಿರುವ ನನ್ನ ಹಳೆಯ ಗೆಳೆಯರಾದ ಸಾಹುಕಾರರಿಗೆ ಈ ಭತ್ತದ ಲೆಕ್ಕವನ್ನು ವಿವರಿಸಿದೆ. ನಲವತ್ತು ವರ್ಷ ತಕ್ಕಡಿಯ ಮುಳ್ಳು ನೋಡಿದವರು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ರೋಕಡಿ ಪುಸ್ತಕದ ಹಿಂಬದಿಯಲ್ಲಿ 105 ಎಂದು ಬರೆದು, ಅದರ ಸುತ್ತ ಎರಡು ಸಲ ಗೆರೆ ಎಳೆದರು.

“ಕ್ವಿಂಟಲಿಗೆ ಎರಡು ಕಿಲೊ ಸೂಟು ತಗದ್ರ ರೈತರು ಗೇಟಿಗೆ ಬೀಗ ಹಾಕ್ತಾರ ಮಾಸ್ತರ” ಎಂದರು. ಆಮೇಲೆ ತುಸು ಯೋಚಿಸಿ, “ಅಲ್ಲ, ಮೂವತ್ತೈದು ಸಲ ಎತ್ತಿ ಇಳಸಾಕ ಹಮಾಲಿ ಯಾರು ಕೊಡ್ತಾರ?” ಎಂದು ಕೇಳಿದರು.

“ಹಮಾಲಿ ಇಲ್ಲ ಸಾಹುಕಾರ್ರ. ಭತ್ತ ತಂದವನೇ ಎತ್ತತಾನ, ಅವನೇ ಇಳಸತಾನ, ರಾತ್ರಿ ಎರಡು ಗಂಟೆತನಕ” ಎಂದೆ.

ಸಾಹುಕಾರರು ಬಹಳ ಹೊತ್ತು ಮಾತಾಡಲಿಲ್ಲ. ಹೊರಗೆ ಹಮಾಲರು ಚೀಲ ಒಟ್ಟುತ್ತಿದ್ದ ಸದ್ದು ಕೇಳುತ್ತಿತ್ತು. ಕೊನೆಗೆ ಪೆನ್ಸಿಲನ್ನು ಮತ್ತೆ ಕಿವಿಯ ಮೇಲೆ ಸಿಕ್ಕಿಸಿ, ಧ್ವನಿ ತಗ್ಗಿಸಿ, “ಅದರ ಏಜೆನ್ಸಿ ನಮ್ಮ ಕಡೆ ಇನ್ನೂ ಯಾರೂ ತಗೊಂಡಿಲ್ಲಲ್ಲ?” ಎಂದರು.