‘ನಾನೇನೂ ಮುಟ್ಟಿಲ್ಲ’

ವೆಬ್‌ಸೈಟ್ ಕೆಟ್ಟಾಗ ಎಲ್ಲಕ್ಕಿಂತ ಮೊದಲು ಕೇಳಿಬರುವ ಮಾತು ಇದು. ಹೋದ ತಿಂಗಳು ಒಂದು ಶನಿವಾರ ಸಂಜೆ ನಮ್ಮ ಬಳಗದ ಸೈಟಿನ ಎಡಿಟರ್, ಅಂದರೆ ಬರಹ ಟೈಪ್ ಮಾಡಿ ಉಳಿಸುವ ಪರದೆ, ಕೈಕೊಟ್ಟಾಗ, ಐದು ಜನರ ವಾಟ್ಸಾಪ್ ಗುಂಪಿನಲ್ಲಿ ಐದೂ ಜನ ಇದನ್ನೇ ಬರೆದರು. ನಾನೂ ಬರೆದೆ.

ನಮ್ಮದು ಮಲೆನಾಡಿನ ಒಂದು ಊರಿನ ಓದುಗರ ಬಳಗ. ಹದಿನೈದು ದಿನಕ್ಕೊಮ್ಮೆ ನಾಲ್ಕೈದು ಬರಹ ಹಾಕುತ್ತೇವೆ, ಸೈಟು ನಡೆಸುವ ಸಾಫ್ಟ್‌ವೇರಾದ ವರ್ಡ್‌ಪ್ರೆಸ್‌ನಲ್ಲಿ. ಯಾರಿಗೂ ಸಂಬಳ ಇಲ್ಲ, ಹಾಗಾಗಿ ಎಲ್ಲರ ಕೈಯಲ್ಲೂ ಅಡ್ಮಿನ್ ಪಾಸ್‌ವರ್ಡ್ ಇದೆ. ಆ ವಾರದ ಮುಖ್ಯ ಬರಹ ಬೆಂಗಳೂರಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗನದು. ಸೈಟುಗಳಿಗೆ ಕನ್ನ ಹಾಕುವವರು ಹೇಗೆ ಹಾಕುತ್ತಾರೆ, ಬ್ಯಾಂಕಿನ ಹೆಸರಲ್ಲಿ ಬರುವ ಲಿಂಕು ಯಾಕೆ ಒತ್ತಬಾರದು, ಇಂಥದ್ದನ್ನೆಲ್ಲ ಹೈಸ್ಕೂಲ್ ಮಕ್ಕಳಿಗೂ ತಿಳಿಯುವ ಹಾಗೆ ಚೆಂದದ ಕನ್ನಡದಲ್ಲಿ ಬರೆದಿದ್ದ. ಎಡಿಟರ್‌ಗೆ ಅಂಟಿಸಿ, ಚಿತ್ರ ಹಾಕಿ, ಪಬ್ಲಿಷ್ ಒತ್ತಿದೆ. ಮೇಲೊಂದು ಕೆಂಪು ಪಟ್ಟಿ ಬಂತು: ‘ಪಬ್ಲಿಷಿಂಗ್ ಫೇಲ್ಡ್. ದಿ ರೆಸ್ಪಾನ್ಸ್ ಈಸ್ ನಾಟ್ ಎ ವ್ಯಾಲಿಡ್ ಜೇಸನ್ ರೆಸ್ಪಾನ್ಸ್.’

ಮತ್ತೆ ಒತ್ತಿದೆ. ಮತ್ತೆ ಅದೇ. ಇನ್ನೊಂದು ಸಲ ಒತ್ತಿದೆ. ಬಾರದ ಲಿಫ್ಟಿನ ಗುಂಡಿಯನ್ನು ನಾವೆಲ್ಲ ಒತ್ತುತ್ತಲೇ ಇರುತ್ತೇವಲ್ಲ, ಹಾಗೆ.

ಗುಂಪಿಗೆ ಫೋಟೊ ಹಾಕಿದ ಹತ್ತು ನಿಮಿಷದಲ್ಲಿ ವೈದ್ಯರ ಸಾಲೇ ನಿಂತಿತು. ಒಬ್ಬರು ಕ್ಯಾಶ್ ಕ್ಲಿಯರ್ ಮಾಡಿ ಅಂದರು. ಒಬ್ಬರು ಸೈಟ್ ಹ್ಯಾಕ್ ಆಗಿದೆ, ಈಗಲೇ ಪಾಸ್‌ವರ್ಡ್ ಬದಲಿಸಿ ಅಂದರು. ಇನ್ನೊಬ್ಬರು ಸೈಟಿಗೆ ಸರ್ವರ್ ಬಾಡಿಗೆ ಕೊಡುವ ಹೋಸ್ಟಿಂಗ್ ಕಂಪನಿಯನ್ನೇ ಬದಲಿಸುವ ಠರಾವು ಮಂಡಿಸಿದರು. ಕೊನೆಗೆ ಒಬ್ಬ ಹಿರಿಯರು, ‘ನೋಡಿ, ಕನ್ನಡದಲ್ಲಿ ಬರೆದರೆ ಈ ಸಾಫ್ಟ್‌ವೇರುಗಳದ್ದು ಇದೇ ಗೋಳು’ ಎಂದು ನಿಟ್ಟುಸಿರಿಟ್ಟರು.

ಈ ಕೊನೆಯ ಮಾತಿಗೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದು ನನಗೆ ಸಿಟ್ಟು ತರಿಸುವ ಮಾತು. ಏನು ಕೆಟ್ಟರೂ ಕನ್ನಡದ ತಲೆಗೆ ಕಟ್ಟುವ ಅಭ್ಯಾಸ ನಮ್ಮವರಿಗೇ ಜಾಸ್ತಿ. ಸೇವ್ ಆಗದೆ ಇರುವುದಕ್ಕೂ ಕನ್ನಡ ಲಿಪಿಗೂ ಅಷ್ಟು ಸಲೀಸಾಗಿ ಸಂಬಂಧ ಬರುವುದಿಲ್ಲ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ಹಳೆಯ ಡೇಟಾಬೇಸುಗಳಲ್ಲೂ ಯುಟಿಎಫ್-8 ಅಂತ ಇದ್ದರೆ ಮೂರು ಬೈಟಿನವರೆಗೆ ಜಾಗ ಇತ್ತು. ಜಾಗ ಸಾಲದೆ ಒದ್ದಾಡಿದ್ದು ನಾಲ್ಕು ಬೈಟ್ ಬೇಡುವ ಇಮೋಜಿಗಳು. 2015ರಲ್ಲಿ ವರ್ಡ್‌ಪ್ರೆಸ್ 4.2 ಬಂದು ಅದನ್ನು ಸರಿಮಾಡಿತು. ಅಂದರೆ ಆ ಕಾಲದಲ್ಲಿ ಬರಹಕ್ಕೆ ಕುತ್ತು ತರುತ್ತಿದ್ದದ್ದು ಕನ್ನಡ ಅಲ್ಲ, ಕೊನೆಗೊಂದು ನಗುಮುಖ ಅಂಟಿಸುವ ಚಟ.

ಕನ್ನಡಕ್ಕೆ ನಿಜವಾಗಿ ಪೆಟ್ಟು ಬೀಳುವ ಜಾಗ ಬೇರೆ ಇದೆ, ಅದು ಬರಹದ ವಿಳಾಸ. ಶೀರ್ಷಿಕೆಯಿಂದ ವರ್ಡ್‌ಪ್ರೆಸ್ ತಾನೇ ವಿಳಾಸ ಕಟ್ಟುತ್ತದೆ. ಒಳಗಡೆ ‘ಕ’ ಎಂಬ ಒಂದು ಅಕ್ಷರ ಪರ್ಸೆಂಟ್ ಚಿಹ್ನೆಗಳ ಜೊತೆ ಒಂಬತ್ತು ಅಕ್ಷರವಾಗಿ ಕೂರುತ್ತದೆ. ‘ಕನ್ನಡ’ ಅಂದರೆ ಒತ್ತಕ್ಷರದ ವಿರಾಮವೂ ಸೇರಿ ಐದು ಸಂಕೇತ, ಅಲ್ಲಿಗೆ 45. ವಿಳಾಸಕ್ಕೆ ಮೀಸಲಾದ ಜಾಗ 200. ಲೆಕ್ಕ ಹಾಕಿ: 22 ಸಂಕೇತ ಮುಗಿಯುವಷ್ಟರಲ್ಲಿ ವಿಳಾಸದ ಬಾಲ ಕತ್ತರಿಸಿ ಹೋಗುತ್ತದೆ. ಅದಕ್ಕೇ ನಾವು ಶೀರ್ಷಿಕೆ ಕನ್ನಡದಲ್ಲಿಟ್ಟು, ವಿಳಾಸವನ್ನು ಮಾತ್ರ ಕೈಯಾರೆ ಗಿಡ್ಡ ಮಾಡಿ ಬರೆಯುವುದು. ಕನ್ನಡವನ್ನು ಬೈಯುವವರು ಈ ಲೆಕ್ಕ ಇಟ್ಟುಕೊಂಡು ಬೈದರೆ ನನಗೆ ತಕರಾರಿಲ್ಲ.

ಸರಿ, ಶನಿವಾರಕ್ಕೆ ಬರೋಣ. ನಾನು ಊಟಕ್ಕೆ ಎದ್ದು ಹೋಗಿ ಬರುವಷ್ಟರಲ್ಲಿ ನಮ್ಮಲ್ಲೊಬ್ಬರು ಉತ್ಸಾಹದಿಂದ ಎಲ್ಲ ಪ್ಲಗಿನ್ನುಗಳನ್ನೂ (ಸೈಟಿಗೆ ಮೇಲಿಂದ ಜೋಡಿಸುವ ಪುಟ್ಟ ಸಾಫ್ಟ್‌ವೇರುಗಳು) ಆಫ್ ಮಾಡಿ ಕೂತಿದ್ದರು. ಓದುಗರಿಗೆ ಕಾಣುವ ಸೈಟಿನಲ್ಲೇ! ಪ್ರತಿಕ್ರಿಯೆಯ ಫಾರಂ ಮಾಯ, ಚಂದಾ ಪುಟ ಮಾಯ, ಚಿತ್ರಗಳ ಗ್ಯಾಲರಿ ಇದ್ದಲ್ಲಿ ಚೌಕ ಆವರಣದೊಳಗೆ ಏನೋ ಬರಹ. ಎಡಿಟರ್ ಮಾತ್ರ ಸರಿಯಾಗಿರಲಿಲ್ಲ. ಒಂದು ತೊಂದರೆ ಇದ್ದದ್ದು ನಾಲ್ಕಾಯಿತು.

ಪ್ಲಗಿನ್ ಮೇಲೆ ಅನುಮಾನ ಪಡುವುದು ತಪ್ಪಲ್ಲ. ಹಾಗೆ ಅನುಮಾನ ಬಂದರೆ ‘ಹೆಲ್ತ್ ಚೆಕ್ ಅಂಡ್ ಟ್ರಬಲ್‌ಶೂಟಿಂಗ್’ ಎಂಬ ಉಚಿತ ಪ್ಲಗಿನ್ ಇದೆ. ಅದರ ಟ್ರಬಲ್‌ಶೂಟಿಂಗ್ ಮೋಡ್ ಹಾಕಿದರೆ ಲಾಗಿನ್ ಆದ ನಿಮಗೊಬ್ಬರಿಗೆ ಮಾತ್ರ ಎಲ್ಲ ಆಫ್ ಆಗಿ ಕಾಣುತ್ತದೆ, ಓದುಗರಿಗೆ ಸೈಟು ಎಂದಿನಂತೆ ಇರುತ್ತದೆ. ಆಮೇಲೆ ಒಂದೊಂದನ್ನೇ ಆನ್ ಮಾಡುತ್ತಾ ಬರಬಹುದು. ಮನೆಯಲ್ಲಿ ಟ್ರಿಪ್ಪರ್ ಬಿದ್ದಾಗ ಎಲೆಕ್ಟ್ರಿಷಿಯನ್ ಮಾಡುವುದು ಇದನ್ನೇ. ಅವನು ಇಡೀ ಬೀದಿಯ ಫ್ಯೂಸ್ ಕೀಳುವುದಿಲ್ಲ.

ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಒಬ್ಬನೇ ಕೂತೆ. ಮೊದಲು ಮಾಡಿದ್ದು, ತೆರೆದೇ ಇದ್ದ ಎಡಿಟರ್‌ನ ಮೂಲೆಯ ಮೂರು ಚುಕ್ಕಿಯ ಮೆನುವಿನಿಂದ ‘ಕಾಪಿ ಆಲ್ ಬ್ಲಾಕ್ಸ್’ ಒತ್ತಿ ಇಡೀ ಬರಹವನ್ನು ನೋಟ್‌ಪ್ಯಾಡಿಗೆ ಇಳಿಸಿಕೊಂಡದ್ದು. ಸೇವ್ ಆಗದ ಪುಟವನ್ನು ರಿಫ್ರೆಶ್ ಮಾಡಿ ಎರಡು ಗಂಟೆಯ ಕೆಲಸ ಕಳೆದುಕೊಂಡ ಅನುಭವ ನನಗೆ ಹಿಂದೊಮ್ಮೆ ಆಗಿದೆ, ಸಾಕು.

ಆಮೇಲೆ ಆ ಕೆಂಪು ಪಟ್ಟಿಯ ಮಾತನ್ನು ಸಮಾಧಾನವಾಗಿ ಓದಿದೆ. ಎಲ್ಲರೂ ಅದರ ಫೋಟೊ ತೆಗೆದಿದ್ದೆವು, ಓದಿರಲಿಲ್ಲ. 2018ರ ಡಿಸೆಂಬರ್ 6ರಂದು ವರ್ಡ್‌ಪ್ರೆಸ್ 5.0 ಬಂದು ಬ್ಲಾಕ್ ಎಡಿಟರ್ ಶುರುವಾಯಿತಲ್ಲ, ಅಲ್ಲಿಂದ ಸೇವ್ ಮಾಡುವ ರೀತಿಯೇ ಬದಲಾಯಿತು. ಮೊದಲು ಇಡೀ ಪುಟ ಒಂದು ಅರ್ಜಿ ಫಾರಂ ಥರ ಸರ್ವರ್‌ಗೆ ಹೋಗಿ ಬರುತ್ತಿತ್ತು. ಈಗ ಎಡಿಟರ್ ನಿಮ್ಮ ಬ್ರೌಸರ್‌ನಲ್ಲಿ ಕೂತುಕೊಂಡು, ರೆಸ್ಟ್ ಎಪಿಐ ಎಂಬ ಬಾಗಿಲಲ್ಲಿ ಸರ್ವರ್ ಜೊತೆ ಜೇಸನ್ ಎಂಬ ಒಂದೇ ಭಾಷೆಯಲ್ಲಿ ಮಾತಾಡುತ್ತದೆ. ಆ ಸಂದೇಶದ ಅರ್ಥ ಇಷ್ಟೇ: ‘ಕೇಳಿದ್ದಕ್ಕೆ ಉತ್ತರ ಬಂತು, ಆದರೆ ನನಗೆ ತಿಳಿಯುವ ಭಾಷೆಯಲ್ಲಿ ಇಲ್ಲ.’ ಏನು ಕೆಟ್ಟಿದೆ ಅಂತ ಅದು ಹೇಳುತ್ತಲೇ ಇಲ್ಲ. ನಡುವೆ ಬೇರೆ ಯಾರೋ ಬಾಯಿ ಹಾಕಿದ್ದಾರೆ ಅನ್ನುತ್ತಿದೆ ಅಷ್ಟೆ.

ಬಾಯಿ ಹಾಕುವವರು ಹಲವರು. ಸೆಟ್ಟಿಂಗ್ಸ್‌ನಲ್ಲಿ ಸೈಟ್ ವಿಳಾಸ ಎಚ್‌ಟಿಟಿಪಿ ಅಂತಲೇ ಉಳಿದು, ಸೈಟು ಅದರ ಸುರಕ್ಷಿತ ರೂಪವಾದ ಎಚ್‌ಟಿಟಿಪಿಎಸ್‌ನಲ್ಲಿ ಓಡುತ್ತಿದ್ದರೆ ಹೀಗಾಗುತ್ತದೆ. ಬರಹಗಳ ವಿಳಾಸ ಕಟ್ಟುವ ಪರ್ಮಾಲಿಂಕ್ ನಿಯಮಗಳು ಕೆಟ್ಟಿದ್ದರೂ ಆಗುತ್ತದೆ, ಆ ಪುಟಕ್ಕೆ ಹೋಗಿ ಏನೂ ಬದಲಿಸದೆ ಒಮ್ಮೆ ಸೇವ್ ಒತ್ತಿದರೆ ಸರಿಹೋಗುವುದುಂಟು. ಸೆಕ್ಯೂರಿಟಿ ಪ್ಲಗಿನ್ ಆ ಬಾಗಿಲನ್ನೇ ಮುಚ್ಚಿರಬಹುದು. ಇವನ್ನೆಲ್ಲ ನೋಡಿದೆ. ಟೂಲ್ಸ್ ಕೆಳಗಿನ ‘ಸೈಟ್ ಹೆಲ್ತ್’ ಪುಟವೂ ರೆಸ್ಟ್ ಎಪಿಐ ಚೆನ್ನಾಗಿದೆ ಅಂದಿತು.

ಆಗ ತಲೆಗೆ ಹೊಳೆದ ಪ್ರಶ್ನೆ ಬಹಳ ಸಣ್ಣದು. ಬೇರೆ ಬರಹ ಸೇವ್ ಆಗುತ್ತದಾ? ಹಳೆಯ ಒಂದು ಪುಸ್ತಕ ಪರಿಚಯ ತೆರೆದು ಒಂದು ಪೂರ್ಣವಿರಾಮ ಸೇರಿಸಿ ಅಪ್‌ಡೇಟ್ ಒತ್ತಿದೆ. ಆಯಿತು! ಹನ್ನೆರಡು ಗಂಟೆ ಕಾಲ ‘ಎಡಿಟರ್ ಕೆಟ್ಟಿದೆ’ ಅಂತ ಐದು ಜನ ಗೋಳಾಡಿದ್ದೆವಲ್ಲ, ಎಡಿಟರ್‌ಗೆ ಏನೂ ಆಗಿರಲಿಲ್ಲ. ಸೇವ್ ಆಗದ್ದು ಆ ಹುಡುಗನ ಬರಹ ಒಂದೇ.

ಮುಂದಿನದು ಸುಲಭ. ಬರಹವನ್ನು ಅರ್ಧಕ್ಕೆ ಕತ್ತರಿಸಿದೆ. ಮೇಲಿನ ಅರ್ಧ ಸೇವ್ ಆಯಿತು, ಕೆಳಗಿನದು ಆಗಲಿಲ್ಲ. ಅದನ್ನು ಮತ್ತೆ ಅರ್ಧ ಮಾಡಿದೆ. ನಾಲ್ಕನೇ ಸಲಕ್ಕೆ ಒಂದೇ ಒಂದು ಪ್ಯಾರಾ ಉಳಿಯಿತು. ಬ್ರೌಸರ್‌ನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಎಂಬಲ್ಲಿ ನೋಡುತ್ತಾ ಮತ್ತೆ ಸೇವ್ ಮಾಡಿದರೆ, ಕೆಂಪಗೆ ಒಂದು ಸಾಲು: 403. ಅಂದರೆ ಸರ್ವರ್ ಸುಸ್ತಾಗಿ ಬಿದ್ದದ್ದಲ್ಲ, ‘ಒಳಗೆ ಬಿಡಲ್ಲ’ ಅಂದದ್ದು. ಹಾಗೆ ಹೇಳಿದ್ದೂ ಮನುಷ್ಯರು ಓದುವ ಎಚ್‌ಟಿಎಂಎಲ್ ಪುಟವೊಂದರಲ್ಲಿ, ಜೇಸನ್‌ನಲ್ಲಿ ಅಲ್ಲ. ಎಡಿಟರ್ ಗಲಿಬಿಲಿಯಾದದ್ದು ಅದಕ್ಕೆ.

ಆ ಪ್ಯಾರಾದಲ್ಲಿ ಏನಿತ್ತು ಗೊತ್ತಾ? ಡೇಟಾಬೇಸಿಗೆ ಕನ್ನ ಹಾಕುವವರು ಲಾಗಿನ್ ಡಬ್ಬಿಯಲ್ಲಿ ಏನು ಟೈಪ್ ಮಾಡುತ್ತಾರೆ ಅನ್ನುವುದಕ್ಕೆ ಹುಡುಗ ಕೊಟ್ಟ ಉದಾಹರಣೆ. ‘ಯೂನಿಯನ್ ಸೆಲೆಕ್ಟ್’ ಅಂತ ಶುರುವಾಗುವ ಎರಡು ಸಾಲು. ಸರ್ವರ್ ಬಾಗಿಲಲ್ಲಿ ಮಾಡ್‌ಸೆಕ್ಯೂರಿಟಿ ಎಂಬ ಕಾವಲುಗಾರ ಇರುತ್ತಾನೆ. ಬಂದದ್ದನ್ನೆಲ್ಲ ನಿಯಮಗಳ ಪಟ್ಟಿಗೆ ಹೋಲಿಸಿ ನೋಡುವುದು ಅವನ ಕೆಲಸ. ಕಳ್ಳತನದ ಬಗ್ಗೆ ಪಾಠ ಯಾವುದು, ಕಳ್ಳತನ ಯಾವುದು ಅಂತ ಅವನಿಗೆ ತಿಳಿಯುವುದಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ಬೀಗ ಒಡೆಯುವ ಚಿತ್ರ ಬರೆದದ್ದಕ್ಕೆ ಠಾಣೆಗೆ ಎಳೆದುಕೊಂಡು ಹೋದ ಹಾಗೆ.

ಆದರೆ ಇಂಥ ಉದಾಹರಣೆಗಳಿದ್ದ ಬರಹವನ್ನು ನಾವು ಎರಡು ತಿಂಗಳ ಹಿಂದೆಯೂ ಹಾಕಿದ್ದೆವು. ಆಗ ಏನೂ ಆಗಿರಲಿಲ್ಲ. ಹಾಗಾದರೆ ಈಚೆಗೆ ಏನೋ ಬದಲಾಗಿದೆ. ಗುಂಪಿನಲ್ಲಿ ಮತ್ತೆ ಕೇಳಿದೆ: ಯಾರಾದರೂ ಹೋಸ್ಟಿಂಗ್ ಕಡೆ ಏನಾದರೂ ಬದಲಿಸಿದ್ದೀರಾ? ಎಲ್ಲರೂ ಓದಿದ ನೀಲಿ ಗೀಟು ಬಿದ್ದವು. ಉತ್ತರ ಇಲ್ಲ.

ಸೋಮವಾರ ಸಂಜೆ ನಮ್ಮ ಖಜಾಂಚಿ ಫೋನ್ ಮಾಡಿದರು. ಊರಿಗೆಲ್ಲ ಅವರು ಭಾವ. ‘ಮಾರಾಯ, ಬೈಯಬೇಡ. ಹೋದ ವಾರ ಹೋಸ್ಟಿಂಗ್ ಬಿಲ್ ಕಟ್ಟುವಾಗ ಅವರ ಸಿಪ್ಯಾನೆಲ್ ಎಂಬ ಸೆಟ್ಟಿಂಗ್ಸ್ ಪುಟದಲ್ಲಿ ಸೆಕ್ಯೂರಿಟಿ ಅಂತ ಏನೋ ಆಫ್ ಇತ್ತು. ಆನ್ ಮಾಡಿದೆ. ಒಳ್ಳೇದೇ ಅಲ್ವಾ ಅಂತ.’

‘ಒಳ್ಳೇದೇ ಭಾವ,’ ಅಂದೆ. ‘ಶನಿವಾರವೇ ಹೇಳಬಹುದಿತ್ತಲ್ಲ?’

‘ಅದು ಎಡಿಟರ್ ಅಲ್ವಲ್ಲಾ. ನಾನು ಎಡಿಟರ್ ಮುಟ್ಟಿಲ್ಲ ಅಂತ ಹೇಳಿದ್ದು.’

ಇದನ್ನೆಲ್ಲ ಬರೆಯಲು ಕೂತದ್ದು ಈ ಉತ್ತರಕ್ಕಾಗಿ. ಭಾವ ಸುಳ್ಳು ಹೇಳಲಿಲ್ಲ. ಸರಿಯಾದ ಕೆಲಸವನ್ನೇ ಮಾಡಿದ್ದರು, ಆ ಕಾವಲು ಮೊದಲೇ ಆನ್ ಇರಬೇಕಿತ್ತು. ಆದರೆ ನಾವು ಕೇಳಿದ ರೀತಿ ‘ಯಾರು ಕೆಡಿಸಿದ್ದು’ ಅನ್ನುವ ಹಾಗಿತ್ತು. ಆ ಪ್ರಶ್ನೆಗೆ ಮಾನವಂತರು ಕೊಡುವ ಉತ್ತರ ಒಂದೇ. ಸಂಬಳವಿಲ್ಲದೆ ದುಡಿಯುವ ಜಾಗದಲ್ಲಂತೂ ಇದು ಇನ್ನೂ ಜಾಸ್ತಿ. ಕೈಯಿಂದ ಪೆಟ್ರೋಲ್ ಹಾಕಿಕೊಂಡು ಬಂದು ಕೆಲಸ ಮಾಡಿದವರಿಗೆ ತಪ್ಪಿತಸ್ಥನ ಪಟ್ಟವೂ ಬೇಕಾ? ಪ್ಯಾರಾ ಹುಡುಕಲು ನನಗೆ ಹಿಡಿದದ್ದು ಒಂದು ಬೆಳಗು. ಒಂದು ಸ್ವಿಚ್ಚಿನ ಸುದ್ದಿ ಬಾಯಿಗೆ ಬರಲು ಹಿಡಿದದ್ದು ಎರಡು ದಿನ. ಶನಿವಾರವೇ ಅದು ಗುಂಪಿಗೆ ಬಂದಿದ್ದರೆ ಯಾರೂ ಪ್ಲಗಿನ್ ಆಫ್ ಮಾಡುತ್ತಿರಲಿಲ್ಲ, ನಾನು ಉಂಡು ಮಲಗುತ್ತಿದ್ದೆ.

ಪರಿಹಾರದ ಬಗ್ಗೆಯೂ ಜಗಳ ಆಯಿತು. ಮತ್ತೆ ಆಫ್ ಮಾಡಿಬಿಡಿ ಅಂದವರು ಮೂವರು. ನೆಂಟರನ್ನು ಗೇಟಲ್ಲಿ ತಡೆದ ಅಂತ ಕಾವಲಿನವನನ್ನೇ ಕೆಲಸದಿಂದ ತೆಗೆಯುವ ಉಪಾಯ ನನಗೆ ಒಪ್ಪಿಗೆಯಾಗಲಿಲ್ಲ. ಹೋಸ್ಟಿಂಗ್‌ನವರಿಗೆ ಹೊತ್ತು, ಬರಹದ ವಿಳಾಸ, 403 ಎಲ್ಲ ಬರೆದು, ಲಾಗ್ ನೋಡಿ ಯಾವ ನಿಯಮ ತಡೆಯಿತು ಹೇಳಿ ಅಂತ ಕೇಳಿದೆ. ಬಂದ ನಂಬರು 942ರಿಂದ ಶುರುವಾಗುವಂಥದ್ದು, ಅಂದರೆ ಎಸ್‌ಕ್ಯೂಎಲ್ ಇಂಜೆಕ್ಷನ್ (ಡೇಟಾಬೇಸಿಗೆ ಕನ್ನ ಹಾಕುವ ಆ ತಂತ್ರ) ಹಿಡಿಯುವ ನಿಯಮಗಳ ಗುಂಪು. ಲಾಗಿನ್ ಆದ ನಮ್ಮವರು ಬರಹ ಉಳಿಸುವ ಆ ಒಂದು ದಾರಿಗೆ ಮಾತ್ರ, ಆ ಒಂದು ನಿಯಮಕ್ಕೆ ಮಾತ್ರ ವಿನಾಯಿತಿ ಹಾಕಿಕೊಟ್ಟರು. ಅದು ಆಗುವವರೆಗೆ ಕಾಯದೆ ಹುಡುಗನ ಎರಡು ಸಾಲನ್ನು ಚಿತ್ರವಾಗಿ ಮಾಡಿ ಹಾಕಿ ಬರಹ ಪ್ರಕಟಿಸಿಯೂ ಆಗಿತ್ತು.

ಈಗ ಗುಂಪಿಗೆ ಒಂದು ಹೊಸ ಪದ್ಧತಿ ತಂದಿದ್ದೇವೆ. ಸೈಟಿನಲ್ಲಾಗಲಿ ಹೋಸ್ಟಿಂಗ್‌ನಲ್ಲಾಗಲಿ ಏನು ಮುಟ್ಟಿದರೂ ಒಂದು ಸಾಲು ಬರೆಯುವುದು. ಯಾಕೆ, ಏನು ಅಂತ ಯಾರೂ ಕೇಳುವಂತಿಲ್ಲ. ಭಾವ ಎಲ್ಲರಿಗಿಂತ ಶ್ರದ್ಧೆಯಿಂದ ಪಾಲಿಸುತ್ತಿದ್ದಾರೆ. ನಿನ್ನೆ ರಾತ್ರಿ ಹತ್ತೂಮುಕ್ಕಾಲಿಗೆ ಅವರ ಮೆಸೇಜು: ‘ಸೈಟಿಗೆ ಲಾಗಿನ್ ಆದೆ. ಏನೂ ಮುಟ್ಟಿಲ್ಲ. ಸುಮ್ಮನೆ ನೋಡಿ ಹೊರಗೆ ಬಂದೆ.’