ಅಮ್ಮನ ಚಮಚ ಮತ್ತು ಎರಡು ವಿಡಿಯೊ

ಅಂಗಳದಲ್ಲಿ ಕೊಬ್ಬರಿ ಒಣಗಿಸಿ, ಗಾಣಕ್ಕೆ ಕೊಟ್ಟು, ವರ್ಷಕ್ಕಾಗುವಷ್ಟು ಎಣ್ಣೆ ಮಾಡಿಸಿಡುವುದು ಬ್ರಹ್ಮಾವರದ ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ನಡೆದುಬಂದ ಕ್ರಮ. ಹೃದಯದ ತೊಂದರೆಗೆ ಔಷಧಿ ತೆಗೆದುಕೊಳ್ಳುತ್ತಿರುವ ಅಮ್ಮನ ಮೊಬೈಲಿಗೆ ಒಂದೇ ವಾರದಲ್ಲಿ ಎರಡು ವಿಡಿಯೊ ಬಂದವು. ತೆಂಗಿನೆಣ್ಣೆ ವಿಷವೆಂದು ಒಂದು, ದಿನಕ್ಕೆರಡು ಚಮಚ ಕುಡಿದರೆ ರಕ್ತನಾಳ ಶುದ್ಧವಾಗುತ್ತದೆಂದು ಇನ್ನೊಂದು. "ಯಾವುದು ನಿಜ ಮಗಾ?" ಎಂದು ಅಮ್ಮ ಕೇಳಿದಾಗ ನಾನು ಏನನ್ನೂ ಓದದೆ ಎರಡನೆಯದೇ ಸರಿ ಎಂದುಬಿಟ್ಟೆ. ನಮ್ಮ ತೋಟದ ಎಣ್ಣೆಯೆಂಬ ಅಭಿಮಾನವಲ್ಲದೆ ಆ ಉತ್ತರಕ್ಕೆ ಬೇರೆ ಆಧಾರವಿರಲಿಲ್ಲ. ಮರುದಿನ ಬೆಳಗ್ಗೆ, ಕಾಫಿಗೂ ಮುಂಚೆ, ಅಮ್ಮ ಚಮಚಕ್ಕೆ ಎಣ್ಣೆ ಸುರಿದುಕೊಳ್ಳುತ್ತಿರುವುದನ್ನು ಕಂಡು ಹೆದರಿಕೆಯಾಗಿ, ಅಂದೇ ಕುಳಿತು ಹುಡುಕಿದೆ.

ವಿಷವೆಂಬ ಮಾತಿನ ಬೆನ್ನು ಹತ್ತಿ ಹೋದರೆ ಸಿಗುವುದು 2018ರಲ್ಲಿ ಪ್ರಾಧ್ಯಾಪಕಿ ಕರಿನ್ ಮಿಶೆಲ್ಸ್ ಜರ್ಮನಿಯ ಫ್ರೈಬರ್ಗ್‌ನಲ್ಲಿ ಮಾಡಿದ ಒಂದು ಉಪನ್ಯಾಸವೇ ಹೊರತು ಯಾವ ಪ್ರಯೋಗವೂ ಅಲ್ಲ. ಅಮೃತವೆನ್ನುವವರು ತೋರಿಸುವುದು ಶಾಂತಸಾಗರದ ಟೊಕೆಲಾವ್ ದ್ವೀಪದವರನ್ನು. ಅಲ್ಲಿಯವರ ಆಹಾರದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ತೆಂಗಿನಿಂದಲೇ ಬರುತ್ತಿದ್ದರೂ ಹೃದ್ರೋಗ ವಿರಳವಾಗಿತ್ತೆಂದು 1981ರ ಅಧ್ಯಯನ ಹೇಳಿದ್ದು ನಿಜ. ಆದರೆ ಅವರು ತಿನ್ನುತ್ತಿದ್ದುದು ಮೀನಿನೊಂದಿಗೆ ಇಡೀ ತೆಂಗಿನಕಾಯಿಯನ್ನು, ಚಮಚದ ಎಣ್ಣೆಯನ್ನಲ್ಲ.

16 ಪ್ರಯೋಗಗಳನ್ನು ಒಟ್ಟುಗೂಡಿಸಿದ 2020ರ ವಿಶ್ಲೇಷಣೆಯೊಂದರ ಪ್ರಕಾರ, ಸೋಯಾ, ಕುಸುಬೆ, ಆಲಿವ್ ಮುಂತಾದ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆಯಿಂದ ಕೆಟ್ಟ ಕೊಲೆಸ್ಟ್ರಾಲ್ ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಏರುತ್ತದೆ, ಒಳ್ಳೆಯದೆನ್ನುವುದು ಸುಮಾರು 4 ಏರುತ್ತದೆ. ಆ ನಾಲ್ಕನ್ನೇ ಗಟ್ಟಿಯಾಗಿ ಹಿಡಿದುಕೊಂಡು ಎದ್ದುಹೋಗಬೇಕೆಂದು ನನಗೆಷ್ಟು ಆಸೆಯಾಯಿತೆಂದರೆ, ಒಳ್ಳೆಯ ಕೊಲೆಸ್ಟ್ರಾಲನ್ನು ಔಷಧಿಯಿಂದ ಏರಿಸಿದ ಹಲವು ಪ್ರಯೋಗಗಳಲ್ಲಿ ಹೃದಯಾಘಾತ ಕಡಿಮೆಯಾಗಲಿಲ್ಲವೆಂಬ ಸಾಲನ್ನು ಮೊದಲ ಸಲ ಓದಿಯೂ ಓದದವನಂತೆ ದಾಟಿಹೋಗಿದ್ದೆ. ಸ್ವಂತ ಅಭಿಪ್ರಾಯ ರೂಪಿಸಿಕೊಳ್ಳಲು ಅಡ್ಡಬರುವುದು ಸುಳ್ಳು ಸುದ್ದಿಗಿಂತ ಹೆಚ್ಚಾಗಿ ಈ ದಾಟಿಹೋಗುವಿಕೆಯೇ ಎಂದು ನನಗೀಗ ಅನ್ನಿಸುತ್ತದೆ. ಎರಡು ವಿಡಿಯೊಗಳ ನಡುವೆ ಎಲ್ಲೋ ಸತ್ಯವಿರಬೇಕೆಂದು ಸಮಾಧಾನ ಮಾಡಿಕೊಳ್ಳುವುದೂ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಏನನ್ನು, ಯಾವುದಕ್ಕೆ ಹೋಲಿಸಿ ಅಳೆದರೆಂದು ಆ ಎರಡರಲ್ಲಿ ಒಂದೂ ಹೇಳಿರಲಿಲ್ಲ.

ಈಗ ನನ್ನ ಅಭಿಪ್ರಾಯವಿಷ್ಟು: ಒಗ್ಗರಣೆಗೆ ಹಾಕುವ ಒಂದಿಷ್ಟು ತೆಂಗಿನೆಣ್ಣೆಗೆ ನಾನು ಹೆದರುವುದಿಲ್ಲ, ಆದರೆ ಅಮ್ಮನಂಥವರು ಅದನ್ನು ಮದ್ದೆಂದು ಕುಡಿಯುವುದು ತಪ್ಪು. ಅಮ್ಮನ ವೈದ್ಯರೂ ಚಮಚವನ್ನು ನಿಲ್ಲಿಸಲು ಹೇಳಿದರು. ನಾನು ಮೊದಲು ಹೇಳಿದ್ದು ತಪ್ಪಾಗಿತ್ತೆಂದು ಮನೆಯವರ ಗ್ರೂಪಿನಲ್ಲೂ ಬರೆದಿದ್ದೇನೆ. ಈ ವರ್ಷವೂ ಕೊಬ್ಬರಿ ಗಾಣಕ್ಕೆ ಹೋಗಿ ಬಂದಿದೆ. ಮಳೆ ಹಿಡಿದ ಸಂಜೆ ಆ ಎಣ್ಣೆಯಲ್ಲೇ ಹಲಸಿನ ಹಪ್ಪಳ ಕರಿಯುತ್ತೇವೆ, ಅಮ್ಮನಿಗೆ ಒಂದು.