ಒಬ್ಬನೇ ದೋಣಿ ಹತ್ತೋದಕ್ಕೆ ಧೈರ್ಯ ಬೇಕಾ?

ಕ್ಯಾನೂ, ಅಂದರೆ ಹುಟ್ಟು ಹಾಕೋ ಸಪೂರ ದೋಣಿ, ಅದರ ಫೋಟೋ ಹಾಕಿದಾಗಿನಿಂದ ಇನ್‌ಬಾಕ್ಸಿನಲ್ಲಿ ಒಂದೇ ಮಾತು. "ಒಬ್ನೇ ಹೋಗಿದ್ಯಾ? ಭಯ ಆಗ್ಲಿಲ್ವಾ? ಭಾರಿ ಧೈರ್ಯ ಮಾರಾಯ!" ಹೊಗಳಿಕೆ ಇಟ್ಟುಕೊಳ್ಳೋಕೆ ಆಸೆಯೇನೋ ಇದೆ. ಆದರೆ ಸ್ವೀಡನ್ನಿನ ಡಾಲ್ಸ್‌ಲ್ಯಾಂಡ್ ಕಾಲುವೆಯಲ್ಲಿ ಒಬ್ಬರೇ ಹುಟ್ಟು ಹಾಕೋದಕ್ಕೆ ಧೈರ್ಯಕ್ಕಿಂತ ಸೋಮಾರಿತನ ಜಾಸ್ತಿ ಬೇಕು. ಗಾಳಿ ಎದ್ದರೆ ಮಧ್ಯಾಹ್ನವೆಲ್ಲಾ ದಡದಲ್ಲಿ ಬಿದ್ದುಕೊಂಡಿರುವಷ್ಟು.

ಕಾಲುವೆ ಅಂತ ಹೆಸರಷ್ಟೇ. ಸುಮಾರು 250 ಕಿ.ಮೀ. ಜಲದಾರಿಯಲ್ಲಿ ಮನುಷ್ಯರು ತೋಡಿದ್ದು ಹತ್ತು ಹನ್ನೆರಡು ಕಿ.ಮೀ. ಇದ್ದೀತು, ಉಳಿದದ್ದೆಲ್ಲ ಸರೋವರ. 1860ರ ದಶಕದಲ್ಲಿ ನಿಲ್ಸ್ ಎರಿಕ್ಸನ್ ಎಂಬ ಎಂಜಿನಿಯರ್ ಆ ಸರೋವರಗಳನ್ನು ಲಾಕ್‌ಗಳಿಂದ ಪೋಣಿಸಿದ. ಲಾಕ್ ಅಂದರೆ ಎರಡು ಬಾಗಿಲ ನಡುವೆ ನೀರು ಏರಿಸಿ, ಇಳಿಸಿ ದೋಣಿಯನ್ನು ಮೇಲೆ ಕೆಳಗೆ ಮಾಡೋ ಕಟ್ಟೆ. ಕಬ್ಬಿಣ, ಮರ ಎಲ್ಲ ದೋಣಿಯಲ್ಲೇ ವೆನೆರ್ನ್ ಸರೋವರ ತಲುಪಲಿ ಅಂತ. ಈ ದಾರಿಯ ಹೋವೆರುಡ್ ಅನ್ನೋ ಊರಿನಲ್ಲಿ ನೀರಿನ ಸೆಳೆತ ಜೋರು, ಬಂಡೆಯೂ ಲಾಕ್ ಕಟ್ಟುವಷ್ಟು ಗಟ್ಟಿಯಿರಲಿಲ್ಲ. ಎರಿಕ್ಸನ್ ಹೊಳೆಯ ಮೇಲೇ 32.5 ಮೀಟರ್ ಉದ್ದದ, ನೀರು ತುಂಬಿದ ಕಬ್ಬಿಣದ ತೊಟ್ಟಿಯನ್ನು ಸೇತುವೆಯ ಹಾಗೆ ಕೂರಿಸಿ, ಅದರಲ್ಲಿ ದೋಣಿ ದಾಟಿಸಿಬಿಟ್ಟ. ಪಕ್ಕದಲ್ಲಿ ನಿಂತರೆ ಕಬ್ಬಿಣದ ಹಲಗೆಗಳನ್ನು ಜೋಡಿಸಿದ ರಿವೆಟ್ ಮೊಳೆಗಳ ತಲೆಗಳು ಸಾಲುಸಾಲಾಗಿ ಕಾಣುತ್ತವೆ. ಸುಮಾರು 33 ಸಾವಿರ ಇವೆಯಂತೆ. ಎಣಿಸೋಕೆ ಹೋಗಲಿಲ್ಲ!

ನಾನು ನೀರಿಗಿಳಿದಿದ್ದು ಬೆಂಗ್ಟ್ಸ್‌ಫೋರ್ಸ್‌ನಲ್ಲಿ. ಅಲ್ಲಿಂದ ಲೆಲೋಂಗ್ ಸರೋವರ ಹಿಡಿದು ಉತ್ತರಕ್ಕೆ. ಬಾಡಿಗೆಗೆ ಸಿಗೋದು ಹೆಚ್ಚಾಗಿ ಇಬ್ಬರ ಕ್ಯಾನೂ. ಒಬ್ಬರೇ ಹಿಂದಿನ ಸೀಟಿನಲ್ಲಿ ಕೂತರೆ ಮೂತಿ ಮೇಲೆದ್ದು, ಗಾಳಿ ಅದನ್ನು ಎತ್ತ ಬೇಕಾದರೂ ತಿರುಗಿಸುತ್ತದೆ. ಅದಕ್ಕೇ ಮುಂದಿನ ಸೀಟಿನಲ್ಲಿ ಉಲ್ಟಾ ಕೂರಬೇಕು. ದೋಣಿಯ ಹಿಂಭಾಗವೇ ಈಗ ಮುಂಭಾಗ, ನೀವು ನಡುವಿಗೆ ಹತ್ತಿರ. ಎದುರಿನ ತುದಿಗೆ ಕುಡಿಯೋ ನೀರಿನ ಡಬ್ಬ, ಟೆಂಟು, ಅವಲಕ್ಕಿ, ಪುಳಿಯೋಗರೆ ಗೊಜ್ಜಿನ ಡಬ್ಬಿ. ಭಾರ ಸರಿಯಾಗಿ ಕೂತ ಮೇಲೆ ದೋಣಿ ಹೇಳಿದ ಮಾತು ಕೇಳುತ್ತದೆ. ಅದೂ ದಡದ ಹತ್ತಿರ ಇದ್ದರೆ ಮಾತ್ರ. ಉದ್ದನೆಯ ಸರೋವರದಲ್ಲಿ ಗಾಳಿಗೆ ಓಡೋಕೆ ಜಾಗ ಜಾಸ್ತಿ, ಅಲೆ ಬೆಳೀತಾ ಬರುತ್ತದೆ. ಬೆಳಿಗ್ಗೆ ಬೇಗ ಹೊರಡಿ, ಇಲ್ಲ ಸಂಜೆ ಗಾಳಿ ಬಿದ್ದ ಮೇಲೆ. ನಡುಬೇಸಿಗೆಯಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತೆ, ಅವಸರ ಯಾಕೆ?

ನಿಜವಾಗಿ ಬೆವರು ಇಳಿಸೋದು ಮುಂದೆ ಸಿಗೋ ಲೆನ್ನಾರ್ಟ್ಸ್‌ಫೋರ್ಸ್ ಅನ್ನೋ ಊರು. ಅಲ್ಲಿ ಮೆಟ್ಟಿಲಿನ ಹಾಗೆ ಲಾಕ್‌ಗಳು, ಮೇಲೆ ಫಾಕ್ಸೆನ್ ಸರೋವರ. ಕ್ಯಾನೂವನ್ನು ಎರಡು ಚಕ್ರದ ಗಾಡಿಗೆ ಕಟ್ಟಿ ದಿಬ್ಬ ಹತ್ತಿಸಬೇಕು, ಆಮೇಲೆ ಸಾಮಾನಿಗೆ ಇನ್ನೊಮ್ಮೆ ಕೆಳಗಿಳಿಯಬೇಕು. ಜೊತೆಗಾರ ಬೇಕಿತ್ತು ಅನ್ನಿಸಿದ್ದು ಅಲ್ಲೊಂದೇ ಕಡೆ.

ರಾತ್ರಿಯ ಚಿಂತೆ ಇರಲೇ ಇಲ್ಲ. ಸ್ವೀಡನ್ನಿನಲ್ಲಿ ಕಾಡು, ನೀರು ಎಲ್ಲರಿಗೂ ತೆರೆದದ್ದು. 1994ರಿಂದ ಅದು ಸಂವಿಧಾನದಲ್ಲೂ ಇದೆ. ಆದರೆ ಡಾಲ್ಸ್‌ಲ್ಯಾಂಡ್‌ಗೆ ದೋಣಿಯವರು ಬರೋದು ವಿಪರೀತ. ಹಾಗಾಗಿ ದಡದಲ್ಲಿ ಅಲ್ಲಲ್ಲಿ ಮೂರು ಗೋಡೆಯ ಮರದ ಗೂಡು, ಒಲೆ, ಪಾಯಿಖಾನೆ ಕಟ್ಟಿಟ್ಟಿದ್ದಾರೆ. ಅದರ ಖರ್ಚಿಗೆ ರಾತ್ರಿಗಿಷ್ಟು ಅಂತ ಒಂದು ಕಾರ್ಡ್ ಕೊಳ್ಳಬೇಕು. "ಕಾಡು ಎಲ್ಲರದ್ದು ಅಂದಮೇಲೆ ದುಡ್ಡು ಯಾಕೆ?" ಅಂತ ಗೊಣಗುವವರಿದ್ದಾರೆ. ನನಗದು ಜಿಪುಣತನ. ಆ ಪಾಯಿಖಾನೆಯನ್ನು ಯಾರೋ ದೋಣಿಯಲ್ಲಿ ಬಂದು ಚೊಕ್ಕ ಮಾಡಿಹೋಗ್ತಾರೆ ಅಲ್ವಾ? ನಾನು "ಒಬ್ಬನೇ" ಹೋದೆ ಅಂತ ಜಂಬ ಕೊಚ್ಚಿಕೊಳ್ಳೋದು ಅವರು ದುಡಿದಿದ್ದರಿಂದ.

ಹೋಗೋ ಮನಸ್ಸಿದ್ದವರಿಗೆ: ಜುಲೈ ಬೇಡ, ಜರ್ಮನಿಯ ಸಂಸಾರಗಳು ಬಂದು ಗೂಡುಗಳೆಲ್ಲ ಭರ್ತಿ. ಆಗಸ್ಟ್ ಕೊನೆಗೆ ಹೋಗಿ, ಸೊಳ್ಳೆಯೂ ಕಮ್ಮಿ. ಒಣಹವೆಯಿದ್ದರೆ ಬೆಂಕಿ ಹಚ್ಚಬಾರದು ಅಂತ ಆದೇಶ ಇರುತ್ತೆ, ಮೊದಲೇ ನೋಡಿಕೊಳ್ಳಿ. ಈಜು ಬಂದರೂ ಲೈಫ್ ಜಾಕೆಟ್ ಬಿಚ್ಚಬೇಡಿ. ಪುಳಿಯೋಗರೆ ಗೊಜ್ಜು ಸ್ವಲ್ಪ ಜಾಸ್ತಿನೇ ಇರಲಿ, ಪಕ್ಕದ ಗೂಡಿನವರು ಕೇಳ್ತಾರೆ.